ನಮ್ಮ ಹೊಲಕ್ಕೆ ಯಾವ ಗಾಲ್ಫ್ ಹೊಂದುತ್ತದೆ? ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಒಂದು ಹೋಲಿಕೆ

ಏಪ್ರಿಲ್ ಕೊನೆಯ ವಾರ ಅಣ್ಣಿಗೇರಿ ಕಡೆಯ ಒಂದು ಎರೆ ಹೊಲದಲ್ಲಿ ನಿಂತು, ಜೇಬಿನಲ್ಲಿದ್ದ ಗಾಲ್ಫ್ ಚೆಂಡನ್ನು ನೆಲದ ಬಿರುಕಿನ ಬಾಯಿಗೆ ಇಟ್ಟೆ. ಚೆಂಡಿನ ಅಡ್ಡಳತೆ 42.67 ಮಿ.ಮೀ. ಬಿರುಕು ಅದನ್ನು ಸಲೀಸಾಗಿ ನುಂಗಿತು, ಮೊಣಕೈವರೆಗೆ ಕೈ ಇಳಿಸಿದರೂ ಸಿಗಲಿಲ್ಲ. ಪಕ್ಕದಲ್ಲಿದ್ದ ಹೊಲದ ಯಜಮಾನರು, "ಇದು ಕಡ್ಲಿ, ಬಿಳಿಜ್ವಾಳದ ಭೂಮಿ ಐತ್ರಿ ಸರ. ಆಟಕ್ಕ ಇದನ್ನ ಯಾಕ ಕೆಡಸ್ತೀರಿ? ಧಾರವಾಡದ ಆಚೆ ನಮ್ಮ ಬೀಗರದು ಮಸಾರಿ ಹೊಲ ಐತಿ, ಅದನ್ನ ನೋಡ್ರಿ" ಎಂದರು. ಎರೆ ಎಂದರೆ ಕಪ್ಪು ಮಣ್ಣು, ಮಸಾರಿ ಎಂದರೆ ನೀರು ಬೇಗ ಇಂಗುವ ಕೆಂಪು ಮಣ್ಣು. ಮುಂದೆ ನಾನು ಬರೆದುಕೊಟ್ಟ ವರದಿಯ ಅರ್ಧ ಭಾಗ ಈ ಮಾತಿನಲ್ಲೇ ಇತ್ತು.

ಹದಿನಾರು ವರ್ಷದಿಂದ ಈ ಭಾಗದ ಶಾಲೆ, ಕಾಲೇಜು, ಕಾರ್ಖಾನೆಗಳ ಮೈದಾನಗಳಿಗೆ ಹುಲ್ಲು ಕೂರಿಸುವುದು ನನ್ನ ಕೆಲಸ. ಈಚೆಗೆ "ಗಾಲ್ಫ್ ಮಾಡಿದ್ರ ನಡೀತೈತೇನ್ರಿ?" ಎಂದು ಕೇಳುವವರು ಹೆಚ್ಚಾಗಿದ್ದಾರೆ. ಹದಿನೈದು–ಇಪ್ಪತ್ತೈದು ಎಕರೆ ಇರುವ ಮನೆತನದವರು ಕೇಳುತ್ತಾರೆ, ಲೇಔಟ್ ಮಾಡುವವರು ಕೇಳುತ್ತಾರೆ, ಖಾಲಿ ಜಾಗ ಇರುವ ಕಾಲೇಜಿನವರೂ ಕೇಳುತ್ತಾರೆ. ಮೂವರಿಗೂ ಒಂದೇ ಉತ್ತರ ಕೊಡಲಾಗದು. ಕಟ್ಟುವ ಖರ್ಚನ್ನು ಎಲ್ಲರೂ ಲೆಕ್ಕ ಹಾಕಿಕೊಂಡೇ ಬರುತ್ತಾರೆ. ಕಟ್ಟಿದ ಮೇಲೆ ತಿಂಗಳು ತಿಂಗಳು ಬೇಕಾಗುವ ನೀರು ಮತ್ತು ಪಗಾರದ ಲೆಕ್ಕ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ. ಗಾಲ್ಫ್ ಕೋರ್ಸ್ ಉಳಿಯುವುದು, ಅಳಿಯುವುದು ಆ ಲೆಕ್ಕದ ಮೇಲೆ.

ಎಷ್ಟು ನೆಲ, ಎಂಥ ಆಟ

ಚೆಂಡು ಹೊಡೆಯಲು ಶುರು ಮಾಡುವ ಜಾಗದಿಂದ ಅದನ್ನು ಬೀಳಿಸುವ ಕುಳಿಯವರೆಗಿನ ನೆಲಕ್ಕೆ ಒಂದು ಹೋಲ್ ಎನ್ನುತ್ತಾರೆ. ಗಾಲ್ಫ್ ಅಂದರೆ 18 ಹೋಲ್ ಎಂದು ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಬೆಂಗಳೂರಿಗೆ ಹೋದಾಗ ಕಂಡದ್ದು ಅದು. ಆದರೆ ಆ ಸಂಖ್ಯೆ ಹುಟ್ಟಿದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಎಂಬ ಒಂದು ಊರಿನ ನೆಲದಲ್ಲಿ. ಅಲ್ಲಿ ಮೊದಲು ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿದರು, ಉಳಿದ ಲೋಕ ಅದನ್ನೇ ಹಿಡಿಯಿತು. ಅವರು ತಮ್ಮ ನೆಲ ನೋಡಿ ಹೋಲ್ ಎಣಿಸಿದರು. ನಾವೂ ನಮ್ಮ ನೆಲ ನೋಡಿಯೇ ಎಣಿಸಬೇಕು.

ಪೂರ್ಣ 18 ಹೋಲ್‌ಗೆ 120ರಿಂದ 200 ಎಕರೆ ಬೇಕು. ಪೂರ್ಣ ಉದ್ದದ 9 ಹೋಲ್‌ಗೆ 50ರಿಂದ 75 ಎಕರೆ. ಎಲ್ಲ ಹೋಲ್‌ಗಳೂ ಪಾರ್-3 ಆಗಿದ್ದರೆ, ಎಂದರೆ ಒಂದೇ ಹೊಡೆತಕ್ಕೆ ಗ್ರೀನ್ (ಕುಳಿ ಇರುವ ನುಣುಪು ಹಾಸು) ಮುಟ್ಟುವಷ್ಟು ಗಿಡ್ಡ ಇದ್ದರೆ, 9 ಹೋಲ್ 15–30 ಎಕರೆಯಲ್ಲಿ ಕೂರುತ್ತದೆ. ಇನ್ನೂ ಬಿಗಿಯಾಗಿ ಕೂರಿಸಿದವರಿದ್ದಾರೆ. ಅಮೆರಿಕದ ಪೈನ್‌ಹರ್ಸ್ಟ್‌ನಲ್ಲಿ 2017ರಲ್ಲಿ ತೆರೆದ 'ದ ಕ್ರೇಡಲ್' 10 ಎಕರೆಯಲ್ಲಿದೆ, ಒಂಬತ್ತೂ ಹೋಲ್ ಸೇರಿ 789 ಗಜ ಮಾತ್ರ. ದೊಡ್ಡ ಟೂರ್ನಿಗಳು ನಡೆಯುವ ಊರಿನವರೇ ಗಿಡ್ಡ ಕೋರ್ಸನ್ನು ಪ್ರೀತಿಯಿಂದ ಕಟ್ಟಿಕೊಂಡರೆಂದ ಮೇಲೆ ನಮಗೇಕೆ ಮುಜುಗರ?

ಚೆಂಡು ಹೊಡೆದು ಕಲಿಯುವ ಡ್ರೈವಿಂಗ್ ರೇಂಜ್‌ಗೆ 250 ಗಜ ಉದ್ದ, 100 ಗಜ ಅಗಲ ಎಂದರೆ ಐದು ಎಕರೆಗೆ ಸ್ವಲ್ಪ ಹೆಚ್ಚು. ಸುತ್ತ ಬದು, ಬಲೆ, ಗಾಡಿ ನಿಲ್ಲಿಸುವ ಜಾಗ ಸೇರಿ ಏಳೆಂಟು ಎಕರೆ ಹಿಡಿಯಿರಿ. ಹೆದ್ದಾರಿಗೆ ಮುಖ ಮಾಡಿದ ಹೊಲದಲ್ಲಿ ರೇಂಜ್ ಮಾಡಲೇಬೇಡಿ. ಒಂದು ಚೆಂಡು ಬೈಕಿನವನಿಗೆ ಬಡಿದರೆ ಯಾವ ಬಲೆಯೂ ಉತ್ತರ ಕೊಡುವುದಿಲ್ಲ.

ಎಲ್ಲಕ್ಕಿಂತ ಸಣ್ಣದು ಪಟ್ಟಿಂಗ್ ಕೋರ್ಸ್. ಏರಿಳಿತ ಇರುವ ಒಂದೇ ದೊಡ್ಡ ಹುಲ್ಲಿನ ಹಾಸು, ಅದರಲ್ಲಿ ಒಂಬತ್ತೋ ಹದಿನೆಂಟೋ ಕುಳಿ, ಕೈಗೊಂದು ಪಟರ್, ಎಂದರೆ ಚೆಂಡನ್ನು ನೆಲದ ಮೇಲೆ ಉರುಳಿಸುವ ಕೋಲು. ಒಂದು ಎಕರೆ ಸಾಕು. ಸೇಂಟ್ ಆಂಡ್ರ್ಯೂಸ್‌ನ ಹೆಂಗಸರು 1867ರಲ್ಲಿ ಕಟ್ಟಿಕೊಂಡ ಪಟ್ಟಿಂಗ್ ಕ್ಲಬ್ಬಿನ 'ಹಿಮಾಲಯಾಸ್' ಎಂಬ ಇಂಥದೇ ಹಾಸಿನಲ್ಲಿ ಇವತ್ತಿಗೂ ಹೊರಗಿನವರು ಸಣ್ಣ ಹಣ ಕೊಟ್ಟು ಆಡುತ್ತಾರೆ. ಅಜ್ಜಿ, ಮೊಮ್ಮಗ ಜೊತೆಗೆ ಆಡಬಹುದಾದ ಗಾಲ್ಫ್ ಇದೊಂದೇ. ನಮ್ಮ ಶಾಲೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಪರದೆಯ ಮುಂದೆ ಆಡುವ ಸಿಮ್ಯುಲೇಟರ್ ಬಗ್ಗೆಯೂ ಕೇಳುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಗೋಕುಲ ರೋಡಿನಲ್ಲೋ ಹತ್ತಡಿ ಎತ್ತರದ ಒಂದು ಹಾಲ್ ಇದ್ದರೆ ನಡೆಯುತ್ತದೆ, ಶ್ರಾವಣದ ಜಿಟಿಜಿಟಿ ಮಳೆಯಲ್ಲೂ ಆಡಬಹುದು. ಯಂತ್ರ ಕೆಟ್ಟಾಗ ರಿಪೇರಿಗೆ ಯಾರು ಬರುತ್ತಾರೆ ಎಂದು ಕೇಳಿಕೊಂಡೇ ಹಣ ಹಾಕಿ.

ನೀರು

ಈ ಒಂದು ಲೆಕ್ಕವನ್ನು ಪೆನ್ನು ಹಿಡಿದು ನೀವೇ ಮಾಡಿ ನೋಡಿ. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಸುಮಾರು 5 ಮಿ.ಮೀ. ನೀರು ಬೇಕು ಎಂದು ಹಿಡಿಯಿರಿ. ಒಂದು ಚದರ ಮೀಟರಿಗೆ 5 ಲೀಟರ್. ಒಂದು ಎಕರೆ ಎಂದರೆ 4,047 ಚದರ ಮೀಟರ್, ಅಲ್ಲಿಗೆ ಎಕರೆಗೆ ದಿನಕ್ಕೆ 20,000 ಲೀಟರ್.

18 ಹೋಲ್ ಕೋರ್ಸಿನಲ್ಲಿ 80 ಎಕರೆಗೆ ನೀರು ಬಿಟ್ಟರೆ ದಿನಕ್ಕೆ 16 ಲಕ್ಷ ಲೀಟರ್ ಆಯಿತು. ಊರಿನ ಕುಡಿಯುವ ನೀರಿನ ಯೋಜನೆಗಳಲ್ಲಿ ತಲೆಗೆ 135 ಲೀಟರ್ ಎಂಬ ಲೆಕ್ಕ ಇದೆಯಲ್ಲ, ಆ ಪ್ರಕಾರ ಇದು ಹನ್ನೊಂದು ಸಾವಿರಕ್ಕೂ ಹೆಚ್ಚು ಜನರ ನೀರು. ಮಲಪ್ರಭೆಯ ನೀರಿಗೆ ನಲ್ಲಿಯ ಮುಂದೆ ದಿನ ಎಣಿಸಿ ಕಾಯುವ ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ನಿಂತು ಈ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ನೋಡಿ. ನನಗೆ ಇದು ಹಣದ ಪ್ರಶ್ನೆ ಎನ್ನುವುದಕ್ಕಿಂತ ಮೊದಲು ಮರ್ಯಾದೆಯ ಪ್ರಶ್ನೆ.

ಇನ್ನು ಪಾರ್-3 ನೋಡಿ. ಒಂಬತ್ತು ಗ್ರೀನ್, ಒಂದೊಂದು 400 ಚದರ ಮೀಟರ್. ಒಂಬತ್ತು ಟೀ (ಮೊದಲ ಹೊಡೆತ ಹೊಡೆಯುವ ಜಾಗ), ಒಂದೊಂದು 100. ಎಲ್ಲ ಸೇರಿ 4,500 ಚದರ ಮೀಟರ್, ಒಂದು ಎಕರೆಗಿಂತ ಸ್ವಲ್ಪ ಹೆಚ್ಚು. ಗ್ರೀನಿನ ಸುತ್ತಲ ಅಂಚಿಗೂ ನೀರು ಕೊಟ್ಟರೆ ಎರಡು ಎಕರೆ, ದಿನಕ್ಕೆ 40,000 ಲೀಟರ್. ಉಳಿದ ನೆಲ ಬೇಸಿಗೆಯಲ್ಲಿ ಕಂದು ಬಣ್ಣಕ್ಕೆ ತಿರುಗಲಿ. ಒಣ ಹುಲ್ಲಿನ ಮೇಲೆ ಚೆಂಡು ಚೆನ್ನಾಗಿ ಉರುಳುತ್ತದೆ, ಸ್ಕಾಟ್ಲೆಂಡಿನ ಕಡಲ ದಂಡೆಯ ಹಳೆಯ ಕೋರ್ಸುಗಳೂ ಬೇಸಿಗೆಯಲ್ಲಿ ಕಂದಾಗುತ್ತವೆ.

ಜನವರಿಯಿಂದ ಮೇವರೆಗೆ 150 ದಿನಕ್ಕೆ ಇದು 60 ಲಕ್ಷ ಲೀಟರ್. 60 ಮೀಟರ್ ಉದ್ದ, 60 ಮೀಟರ್ ಅಗಲ, 4 ಮೀಟರ್ ಆಳದ, ದಂಡೆ ಇಳಿಜಾರಾದ ಹೊಂಡದಲ್ಲಿ ಸುಮಾರು 1 ಕೋಟಿ 17 ಲಕ್ಷ ಲೀಟರ್ ನಿಲ್ಲುತ್ತದೆ. ಆ ಐದು ತಿಂಗಳಲ್ಲಿ ಬಿಸಿಲಿಗೇ 30 ಲಕ್ಷ ಲೀಟರ್ ಹಾರಿಹೋಗುತ್ತದೆ ಎಂದು ಹಿಡಿದರೂ ಸಾಕಾಗುತ್ತದೆ. ಹೊಂಡಕ್ಕೆ ಹೋಗುವ ನೆಲ 36 ಗುಂಟೆ. 20 ಎಕರೆಯ ಮೇಲೆ 700 ಮಿ.ಮೀ. ಮಳೆ ಬಿದ್ದು ಅದರಲ್ಲಿ ಕಾಲು ಪಾಲು ಹರಿದು ಬಂದರೂ ಹೊಂಡ ತುಂಬಿ ಹೆಚ್ಚಾಗುತ್ತದೆ. ನಮ್ಮ ರೈತರು ಕೃಷಿ ಹೊಂಡದಲ್ಲಿ ಮಾಡುವ ಲೆಕ್ಕವೇ ಇದು, ಅಳತೆ ಮಾತ್ರ ದೊಡ್ಡದು. ಮಸಾರಿಯಲ್ಲಿ ಹೊಂಡ ಸೋರುತ್ತದೆ, ತಳಕ್ಕೆ ಎರೆ ಮಣ್ಣಿನ ಹಾಸು ಅಥವಾ ಹಾಳೆ ಬೇಕೇ ಬೇಕು.

ಬೋರ್ ನಂಬಿ ಕೋರ್ಸ್ ಕಟ್ಟಬೇಡಿ. ಬೋರ್ ತುರ್ತಿಗಿರಲಿ.

ಸಂಸ್ಕರಿಸಿದ ಕೊಳಚೆ ನೀರು ಇದೆಯಲ್ಲ ಎಂದು ಬಹಳ ಜನ ಹೇಳುತ್ತಾರೆ. ಹೌದು, ಕ್ಯಾಂಪಸ್ಸಿನ ಹಾಸ್ಟೆಲು, ಕ್ಯಾಂಟೀನಿನ ನೀರನ್ನು ಅಲ್ಲಿಯೇ ಶುದ್ಧಿ ಮಾಡಿ ಹುಲ್ಲಿಗೆ ಬಿಡುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಹಳ್ಳದ ನೀರನ್ನು ಎತ್ತುವ ಮುನ್ನ ಮಾತ್ರ ಕೆಳಗೆ ಯಾರಿದ್ದಾರೆ ನೋಡಿ. ಗಬ್ಬೂರು, ಬಿಡನಾಳ, ಮಾದಿಹಾಳದ ಕಡೆ ಅವಳಿ ನಗರದ ನಾಲೆಯ ನೀರನ್ನೇ ಎತ್ತಿ ಕಾಯಿಪಲ್ಯ ಬೆಳೆದು ಬದುಕಿದ ಕುಟುಂಬಗಳಿವೆ. ಮೇಲೆ ನೀವು ಪಂಪ್ ಕೂರಿಸಿದರೆ ಅವರ ಬದನೆ ಒಣಗುತ್ತದೆ. ಇದನ್ನು ಯಾವ ಯೋಜನಾ ವರದಿಯೂ ಬರೆಯುವುದಿಲ್ಲ, ಆದ್ದರಿಂದ ನಾನು ಪ್ರತಿ ವರದಿಯಲ್ಲೂ ಬರೆಯುತ್ತೇನೆ.

ಗ್ರೀನ್ ಕಟ್ಟುವ ಮೂರು ಬಗೆ

ಕಟ್ಟುವ ಹಣದಲ್ಲಿ ದೊಡ್ಡ ಪಾಲು ಗ್ರೀನಿಗೆ ಹೋಗುತ್ತದೆ. ಕುಳಿ ಇರುವ, ಚೆಂಡು ಉರುಳುವ ಆ ನುಣುಪು ಹಾಸು. ಇಲ್ಲಿ ಮೂರು ದಾರಿಗಳಿವೆ.

ಒಂದು, ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಿಂದ ಹೇಳುತ್ತ ಬಂದ ಪದ್ಧತಿ. ತಳದಲ್ಲಿ ಕೊಳವೆ, ಅದರ ಮೇಲೆ 4 ಇಂಚು ಕಡಿ (ಸಣ್ಣ ಜಲ್ಲಿ), ಅದರ ಮೇಲೆ 12 ಇಂಚು ಆರಿಸಿದ ಮರಳು. ಎಂಥ ಮಳೆ ಬಂದರೂ ನೀರು ಇಳಿಯುತ್ತದೆ. ನಮ್ಮ ಒಂಬತ್ತು ಸಣ್ಣ ಗ್ರೀನಿಗೇ ಇದರಿಂದ ಸುಮಾರು 380 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಮರಳು ಬೇಕು, ಮೂರು ಬ್ರಾಸ್ ಹಿಡಿಯುವ ಟಿಪ್ಪರ್ ಆದರೆ ನೂರಿಪ್ಪತ್ತೇಳು ಸಲ ಬರಬೇಕು. ತುಂಗಭದ್ರೆಯ ಮರಳಿನ ಈಗಿನ ದರ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಎಂ-ಸ್ಯಾಂಡ್ ಹಾಕುತ್ತೇವೆ ಎನ್ನುವವರು ಅದರ ಪುಡಿಯನ್ನು ತೊಳೆಯದೆ ಹಾಕಿದರೆ ಎರಡು ವರ್ಷದಲ್ಲಿ ಗ್ರೀನ್ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ.

ಎರಡು, ಇದ್ದ ಮಣ್ಣನ್ನೇ ಎತ್ತರಿಸಿ, ನೀರು ಎರಡು ಕಡೆಗೆ ಹರಿಯುವಂತೆ ಬೆನ್ನು ಕೊಟ್ಟು, ಮೇಲೆ ನಾಲ್ಕು ಇಂಚು ಮರಳು ಹಾಕುವುದು. ಮೊದಲನೆಯದರ ಮೂರನೇ ಒಂದು ಪಾಲು ಮರಳು ಸಾಕು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ, ಅಳ್ನಾವರ ಕಡೆಯ ಕೆಂಪು ನೆಲದಲ್ಲಿ, ಹಾವೇರಿ ಜಿಲ್ಲೆಯ ಮಸಾರಿ ಇರುವ ಕಡೆ ಇದೇ ನನ್ನ ಆಯ್ಕೆ. ನವಲಗುಂದ, ಅಣ್ಣಿಗೇರಿ, ಗದಗಿನ ಎರೆಯಲ್ಲಿ ಇದು ನಡೆಯುವುದಿಲ್ಲ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ಗ್ರೀನಿನ ಮುಖವೇ ಸೀಳುತ್ತದೆ.

ಪರೀಕ್ಷೆ ಸುಲಭ. ಒಂದಡಿ ಚೌಕ, ಎರಡಡಿ ಆಳದ ಗುಂಡಿ ತೋಡಿ. ಒಂದು ಸಲ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ, ಕೋಲಿಗೆ ಗುರುತು ಮಾಡಿ, ಒಂದು ಗಂಟೆ ಕೂತು ನೋಡಿ. ಒಳ್ಳೆಯ ಮಸಾರಿಯಲ್ಲಿ ಮೂರ್ನಾಲ್ಕು ಇಂಚು ಇಳಿದದ್ದನ್ನು ಕಂಡಿದ್ದೇನೆ, ಎರೆಯಲ್ಲಿ ಅರ್ಧ ಇಂಚು ಇಳಿದರೆ ಹೆಚ್ಚು. ಹೊಲದ ಮೂರು ಕಡೆ ಹೀಗೆ ನೋಡಿ, ಮಣ್ಣನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿ. ದೊಡ್ಡ ಡಿಸೈನರನ್ನು ಕರೆಸುವ ಮೊದಲು ಈ ಸಣ್ಣ ಖರ್ಚು ಮಾಡಿ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು: ಹುಲ್ಲೇ ಇಲ್ಲದ ಮರಳಿನ ಗ್ರೀನ್. ನಮ್ಮ ದೇಶದಲ್ಲಿ ಇದಕ್ಕೆ 'ಬ್ರೌನ್' ಎನ್ನುತ್ತಾರೆ. ಇದು ಬಡವರ ಪಾಡು ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಪೈನ್‌ಹರ್ಸ್ಟ್‌ನ ಎರಡನೇ ನಂಬರ್ ಕೋರ್ಸಿನ ಸಂಗತಿ. ಈಗ ಲೋಕಪ್ರಸಿದ್ಧವಾದ ಆ ಕೋರ್ಸಿನಲ್ಲಿ 1935ರವರೆಗೆ ಇದ್ದದ್ದು ಮರಳಿನ ಗ್ರೀನ್‌ಗಳೇ. ಆಸ್ಟ್ರೇಲಿಯಾದ ಮರುಭೂಮಿಯ ಊರು ಕೂಬರ್ ಪೀಡಿಯಲ್ಲಿ ಇಂದಿಗೂ ಹಾಗೆಯೇ ಆಡುತ್ತಾರೆ. ಆಟಗಾರ ಒಂದು ತುಂಡು ಹುಲ್ಲಿನ ಹಾಸನ್ನು ಕೈಯಲ್ಲಿ ಹಿಡಿದು ತಿರುಗಿ, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾನೆ.

ಹುಬ್ಬಳ್ಳಿಯ ಹೊರಗಿನ ಒಂದು ಕಾಲೇಜಿನ ಮೂಲೆಯಲ್ಲಿ ನಾನೇ ಒಂದು ಬ್ರೌನ್ ಮಾಡಿದ್ದೇನೆ. ಹನ್ನೆರಡು ಮೀಟರ್ ಅಗಲದ ಗುಂಡನೆಯ ಜಾಗ. ತಳಕ್ಕೆ ಆರು ಇಂಚು ಗರಸು ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆದೆವು. ಅದರ ಮೇಲೆ ಎರಡು ಇಂಚು ನುಣುಪು ಮರಳು. ಆಟಗಾರ ಬಂದು, ಚೆಂಡು ಬಿದ್ದ ಜಾಗದಿಂದ ಕುಳಿಯವರೆಗೆ ಅಗಲ ಹಲಗೆಯೊಂದನ್ನು ಎಳೆಯುತ್ತಾನೆ, ಸರ್ರನೆ ಒಂದು ಹಾದಿ ಮೂಡುತ್ತದೆ, ಆ ಹಾದಿಯಲ್ಲಿ ಪಟ್ ಮಾಡುತ್ತಾನೆ. ಸಂಜೆ ಕಾವಲುಗಾರ ಕುಳಿಯಿಂದ ಶುರು ಮಾಡಿ ಸುತ್ತು ಸುತ್ತಾಗಿ ಹಲಗೆ ಎಳೆದು, ರಂಗೋಲಿ ಹಾಕಿದ ಅಂಗಳದಂತೆ ಬಿಟ್ಟು ಹೋಗುತ್ತಾನೆ. ನೀರಿನ ಖರ್ಚು ಇಲ್ಲವೆಂದೇ ಹೇಳಬೇಕು. ಹಿಂದೆ ಮರಳು ಹಾರದಿರಲು ಸುಟ್ಟ ಎಂಜಿನ್ ಆಯಿಲ್ ಬೆರೆಸುತ್ತಿದ್ದರು. ಅದನ್ನು ಮಾಡಬೇಡಿ, ಮಳೆ ಬಂದರೆ ಆ ಎಣ್ಣೆ ನೇರ ಪಕ್ಕದ ಹೊಲಕ್ಕೆ ಹೋಗುತ್ತದೆ. ಬೆಳಿಗ್ಗೆ ಒಂದು ಬಿಂದಿಗೆ ನೀರು ಚಿಮುಕಿಸಿದರೆ ಸಾಕು. ಎರೆ ನೆಲ ಬಿಟ್ಟರೆ ಬೇರೆ ಗತಿ ಇಲ್ಲ ಎನ್ನುವವರಿಗೂ ಇದು ಹೊಂದುತ್ತದೆ, ಗರಸಿನ ಹಾಸು ದಪ್ಪ ಇರಬೇಕು ಅಷ್ಟೆ.

ಹುಲ್ಲಿನ ವಿಷಯಕ್ಕೆ ಬಂದರೆ ನಾವು ಭಾಗ್ಯವಂತರು. ಲೋಕದ ಬಿಸಿ ಸೀಮೆಯ ಗಾಲ್ಫ್ ಕೋರ್ಸುಗಳೆಲ್ಲ ಬರ್ಮುಡಾ ಎಂದು ಕರೆಯುವ ಹುಲ್ಲು ನಮ್ಮ ಗಣಪತಿಗೆ ಏರಿಸುವ ಗರಿಕೆ, ನಮ್ಮ ಭಾಷೆಯ ಕರಕಿ. ರೈತರು ಎರೆ ಹೊಲದಿಂದ ಕಿತ್ತು ಕಿತ್ತು ಸಾಕಾಗಿ ಬದುವಿಗೆ ಎಸೆಯುವ ಅದೇ ಕರಕಿ. ಗ್ರೀನಿಗೆ ಮಾತ್ರ ಟಿಫ್‌ಡ್ವಾರ್ಫ್‌ನಂಥ ಕುಳ್ಳ ಮಿಶ್ರತಳಿ ತನ್ನಿ, ಟೀಯಿಂದ ಗ್ರೀನಿನವರೆಗಿನ ಹಾದಿಯಾದ ಫೇರ್‌ವೇಗೆ ಊರ ಕರಕಿಯೇ ಸಾಕು. ಹತ್ತು ಗುಂಟೆಯಲ್ಲಿ ಮಡಿ ಮಾಡಿ ಬೆಳೆಸಿ, ಬಳ್ಳಿ ಹರಿದು ತುಂಡು ಮಾಡಿ ಮಿರಗದ ಮಳೆ ಹಿಡಿದ ಮೇಲೆ ನೆಡಿ. ರೋಲ್ ಹುಲ್ಲನ್ನು ಲಾರಿಯಲ್ಲಿ ತರಿಸುವ ಹಣ ಉಳಿಯುತ್ತದೆ. ಟೂರ್ನಿಯ ಗ್ರೀನನ್ನು 3–4 ಮಿ.ಮೀ.ಗೆ ಕತ್ತರಿಸುತ್ತಾರೆ. ನೀವು 6–7ರಲ್ಲಿ ಬಿಡಿ. ಚೆಂಡು ಸ್ವಲ್ಪ ನಿಧಾನ ಉರುಳುತ್ತದೆ, ಆದರೆ ನೀರು, ಔಷಧ, ಯಂತ್ರದ ಬ್ಲೇಡು ಎಲ್ಲವೂ ಉಳಿಯುತ್ತವೆ.

ಬಂಕರ್, ಎಂದರೆ ಮರಳು ತುಂಬಿದ ತಗ್ಗು, ಬೇಡ. ಮುಂಗಾರಿನ ಒಂದು ದೊಡ್ಡ ಮಳೆ ಬಂಕರಿನ ಮರಳನ್ನೆಲ್ಲ ತೊಳೆದು ತಳಕ್ಕೆ ಕೂಡಿಸುತ್ತದೆ, ಮಾರನೆಯ ದಿನ ನಾಲ್ಕು ಆಳು ಬೇಕು. ಆಟಕ್ಕೆ ತೊಡಕು ಬೇಕೆಂದರೆ ಹುಲ್ಲಿನ ತಗ್ಗು, ಹಳೆಯ ಒಡ್ಡು, ಒಂದು ಬೇವಿನ ಮರ ಸಾಕು.

ದೂರದ ಹುಲ್ಲು ಮೇಯಲು ಕುರಿ ಬಿಡಬಹುದೇ ಎಂದು ಒಬ್ಬರು ಹಿಂಜರಿಯುತ್ತ ಕೇಳಿದರು. ಧಾರಾಳವಾಗಿ ಬಿಡಿ. ಸ್ಕಾಟ್ಲೆಂಡಿನ ಬ್ರೋರಾ ಎಂಬ ಕೋರ್ಸಿನಲ್ಲಿ ಬಹುಕಾಲ ಕುರಿ, ದನ ಮೇಯುತ್ತಿದ್ದವು, ಗ್ರೀನಿನ ಸುತ್ತ ಮಾತ್ರ ತಂತಿ. ನಮ್ಮಲ್ಲಿ ಗೊಬ್ಬರಕ್ಕಾಗಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ಕುರುಬರಿಗೆ ಹಣ, ಕಾಳು ಕೊಡುವುದು ಹಿಂದಿನಿಂದ ಬಂದದ್ದೇ.

ತಿಂಗಳ ಖರ್ಚು ಯಾರು ಕೊಡುತ್ತಾರೆ

ಇಲ್ಲಿಯ ಅಂಕಿಗಳು ನನ್ನ ಅಂದಾಜು. ನಿಮ್ಮೂರಿನ ಪಗಾರ, ಡೀಸೆಲ್ ಹಾಕಿ ತಿದ್ದಿಕೊಳ್ಳಿ.

ಪಾರ್-3, ಜೊತೆಗೊಂದು ಸಣ್ಣ ರೇಂಜ್: ಆರು ಆಳು, ತಲೆಗೆ 18,000, ಎಂದರೆ 1,08,000 ರೂಪಾಯಿ. ಡೀಸೆಲ್, ಕರೆಂಟು, ಗೊಬ್ಬರ, ರಿಪೇರಿ 70,000. ಯಂತ್ರ ಬದಲಿಸಲು ಪ್ರತಿ ತಿಂಗಳು ಎತ್ತಿಡುವುದು 45,000. ಒಟ್ಟು 2,23,000. ತಿಂಗಳಲ್ಲಿ 26 ದಿನ ತೆರೆದು, ರೇಂಜಿನಲ್ಲಿ ದಿನಕ್ಕೆ 25 ಬುಟ್ಟಿ ಚೆಂಡು ನೂರು ರೂಪಾಯಿಯಂತೆ ಹೋದರೆ 65,000 ಬಂತು. ಉಳಿದದ್ದಕ್ಕೆ 200 ರೂಪಾಯಿಯ ಸುತ್ತುಗಳು ದಿನಕ್ಕೆ ಮೂವತ್ತರಷ್ಟು ಬೇಕು. ಮೂವತ್ತು ಜನ, ಒಬ್ಬೊಬ್ಬರಿಗೆ ಒಂದು–ಒಂದೂಕಾಲು ಗಂಟೆ. ಆಫೀಸಿಗೆ ಹೋಗುವವರು ಬೆಳಿಗ್ಗೆ ಆರಕ್ಕೆ ಬಂದು ಏಳೂವರೆಗೆ ಮನೆಗೆ ಹೋಗಬಹುದು. ಅವಳಿ ನಗರದಲ್ಲಿ ಇದು ಆಗದ ಮಾತಲ್ಲ.

18 ಹೋಲ್: 35 ಆಳಿಗೆ 6,30,000, ಇತರೆ 6 ಲಕ್ಷ, ಎತ್ತಿಡಲು 3 ಲಕ್ಷ. 15 ಲಕ್ಷ ದಾಟಿತು. ಸಾವಿರ ರೂಪಾಯಿ ಟಿಕೆಟ್ ಇಟ್ಟರೆ ದಿನಾಲೂ 59 ಜನ ಬೇಕು, ವಾರದ ದಿನದಲ್ಲೂ ನಾಲ್ಕು ತಾಸು ಬಿಡುವು ಇರುವಂಥವರು. ಅವರನ್ನು ನಾನು ನಮ್ಮ ಕಡೆ ಕಾಣೆ.

ನಡುವಿನ ಪೂರ್ಣ 9 ಹೋಲ್ ಸುರಕ್ಷಿತ ಎಂದು ಅನಿಸುತ್ತದೆ. ನನ್ನ ಲೆಕ್ಕದಲ್ಲಿ ಖಾಸಗಿಯವರಿಗೆ ಅದೂ ಕಷ್ಟದ್ದೇ: ಹದಿನಾರು ಆಳು ಹಿಡಿದು ಆರೂವರೆ ಲಕ್ಷದ ಖರ್ಚು, 500 ರೂಪಾಯಿ ಇಟ್ಟರೂ ದಿನಕ್ಕೆ ಐವತ್ತು ಜನ, ಅರವತ್ತು ಎಕರೆ ನೆಲ ಬೇರೆ. ಅದು ಹೊಂದುವುದು ಜಾಗ, ಮಾಲಿ, ಹಾಸ್ಟೆಲಿನ ನೀರು ಮೊದಲೇ ಇರುವ ವಿಶ್ವವಿದ್ಯಾಲಯಕ್ಕೋ ದೊಡ್ಡ ಕಾರ್ಖಾನೆಗೋ. ಅವರಿಗೂ ನಾನು ಹೇಳುವುದು ಹೊರಗಿನವರಿಗೆ ಬಾಗಿಲು ತೆರೆಯಿರಿ ಎಂದೇ.

ಇದರಲ್ಲಿ ಭೂಮಿಯ ಬೆಲೆ ಎಲ್ಲಿಯೂ ಬಂದಿಲ್ಲ ನೋಡಿ. ಎಕರೆಗೆ 40 ಲಕ್ಷ ಎಂದು ಹಿಡಿದು 20 ಎಕರೆ ಸಾಲ ಮಾಡಿ ಕೊಂಡರೆ 8 ಕೋಟಿ. ನೂರಕ್ಕೆ 9ರ ಬಡ್ಡಿಯಲ್ಲಿ ತಿಂಗಳಿಗೆ 6 ಲಕ್ಷ ಬಡ್ಡಿ, ಕೋರ್ಸ್ ನಡೆಸುವ ಖರ್ಚಿನ ಎರಡೂವರೆ ಪಟ್ಟಿಗೂ ಹೆಚ್ಚು. ಗಾಲ್ಫಿಗಾಗಿ ಸಾಲ ಮಾಡಿ ಭೂಮಿ ಕೊಳ್ಳಬೇಡಿ.

ಪ್ಲಾಟ್ ಮಾರಿ ಗಾಲ್ಫ್ ನಡೆಸುತ್ತೇವೆ ಎನ್ನುವ ದಾರಿಯಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಬೈಪಾಸ್ ಹತ್ತಿರದ ಒಂದು ಲೇಔಟಿಗೆ ಆರು ಗ್ರೀನ್ ಮಾಡಿಕೊಟ್ಟೆ. 'ಗಾಲ್ಫ್ ವ್ಯೂ' ಎಂದು ಪ್ಲಾಟಿನ ದರ ಏರಿತು, ಮಾರಿಹೋದವು. ಎರಡನೇ ಬೇಸಿಗೆಗೆ ಬೋರ್ ಬತ್ತಿತು. ಪಂಪಿನ ಬಿಲ್ ಯಾರು ಕಟ್ಟಬೇಕೆಂದು ಮಾಲೀಕರೂ ಪ್ಲಾಟಿನವರೂ ಜಗಳಾಡಿದರು. ಮೂರನೇ ವರ್ಷ ನಾನು ಹೋದಾಗ ಗ್ರೀನಿನ ಮೇಲೆ ಕಾಂಗ್ರೆಸ್ ಕಸ ಎದೆಯೆತ್ತರ ಬೆಳೆದಿತ್ತು, ಅದರ ನಡುವೆ ಬಾವುಟದ ಕೋಲು ಒಂದು ಉಳಿದಿತ್ತು. ಕೊನೆಯ ಕಂತಿನ ಹಣ ನನಗೆ ಇವತ್ತಿಗೂ ಬಂದಿಲ್ಲ. ಇದು ನಮ್ಮೂರಿನ ಕತೆ ಮಾತ್ರ ಅಲ್ಲ, ಮನೆ ಮಾರುವ ಸಲುವಾಗಿಯೇ ಸಾಲುಸಾಲಾಗಿ ಕೋರ್ಸ್ ಕಟ್ಟಿದ ಅಮೆರಿಕದಲ್ಲಿ 2006ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ವರ್ಷಾವರ್ಷ ತೆರೆದ ಕೋರ್ಸುಗಳಿಗಿಂತ ಮುಚ್ಚಿದವೇ ಹೆಚ್ಚು. ಅಂಥ ಲೇಔಟಿನಲ್ಲಿ ಪ್ಲಾಟ್ ಕೊಳ್ಳುವವರು, ಗಾಲ್ಫಿನ ಜಾಗ ಮಂಜೂರಾದ ನಕ್ಷೆಯಲ್ಲಿ ಸಾಮೂಹಿಕ ಜಾಗ ಎಂದು ಇದೆಯೇ, ನಿರ್ವಹಣೆಗೆಂದು ಪ್ಲಾಟಿನ ಬೆಲೆಯಿಂದ ಒಂದು ಪಾಲು ಬೇರೆ ಖಾತೆಯಲ್ಲಿ ಇಟ್ಟಿದ್ದಾರೆಯೇ, ಈ ಎರಡನ್ನು ಕಾಗದದಲ್ಲಿ ಕೇಳಿ.

ಆಜೀವ ಸದಸ್ಯತ್ವ ಮಾರಿ ಆ ಹಣದಲ್ಲೇ ಕಟ್ಟುವುದೂ ಇಂಥದೇ ಬಲೆ. ಹಣ ಒಮ್ಮೆ ಬರುತ್ತದೆ, ಹುಲ್ಲು ಪ್ರತಿ ವಾರ ಬೆಳೆಯುತ್ತದೆ. ವರ್ಷದ ಚಂದಾ ಇಡಿ, ಬಂದು ಆಡುವವರಿಗೆ ದಿನದ ಟಿಕೆಟ್ ಇಡಿ. ಕ್ಲಬ್ ಹೌಸ್ ಮೊದಲ ಮೂರು ವರ್ಷ ಕಟ್ಟಲೇಬೇಡಿ. ತಗಡಿನ ಶೆಡ್ಡು, ಎರಡು ಶೌಚಾಲಯ, ಒಂದು ಚಹಾದ ಒಲೆ, ಗಿರ್ಮಿಟ್ಟು, ಮಿರ್ಚಿ ಇದ್ದರೆ ನಮ್ಮ ಮಂದಿ ಕೂರುತ್ತಾರೆ. ಅಮೆರಿಕದ ಟೆನೆಸಿಯಲ್ಲಿ 'ಸ್ವೀಟನ್ಸ್ ಕೋವ್' ಎಂಬ 9 ಹೋಲ್ ಕೋರ್ಸು ಶುರುವಾದಾಗ ಇದ್ದದ್ದೂ ಒಂದು ಶೆಡ್ಡೇ, ಅದನ್ನು ಹುಡುಕಿಕೊಂಡು ದೂರದೂರದಿಂದ ಜನ ಬಂದರು.

ಮಕ್ಕಳ ತರಬೇತಿಯನ್ನು ಮೊದಲ ದಿನದಿಂದ ಇಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅದಿತಿ ಅಶೋಕ್ ಆಟ ಕಲಿತದ್ದು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನಲ್ಲಿ, ಐದಾರು ವರ್ಷದ ಹುಡುಗಿಯಾಗಿದ್ದಾಗಿನಿಂದ. ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಕೋರ್ಸಿನ ಪಕ್ಕದ ಬಡ ಮನೆತನದಿಂದ ಬಂದು, ಅಲ್ಲಿಯೇ ಆಟಗಾರರ ಕೋಲಿನ ಚೀಲ ಹೊರುವ ಕ್ಯಾಡಿಯಾಗಿ ಆಟ ನೋಡಿ ಕಲಿತು ವೃತ್ತಿಪರರಾದರು. ಕೋರ್ಸ್ ಎಲ್ಲಿದೆಯೋ ಅಲ್ಲಿಯ ಹಳ್ಳಿಯ ಮಕ್ಕಳಿಗೆ ವಾರಕ್ಕೆ ಎರಡು ದಿನ ಪುಕ್ಕಟೆ ಬಿಡಿ. ಊರು ನಿಮ್ಮ ಬೇಲಿಯನ್ನು ತಾನೇ ಕಾಯುತ್ತದೆ.

ಉತಾರ, ಎನ್‌ಎ, ಲಾವಣಿ

ಕೃಷಿಕರಲ್ಲದವರು ಹೊಲ ಕೊಳ್ಳಲು ಇದ್ದ ತಡೆ 2020ರ ತಿದ್ದುಪಡಿಯಲ್ಲಿ ಹೋಯಿತು. ಆದರೆ ಹೊಲದಲ್ಲಿ ಗಾಲ್ಫ್ ಮಾಡಬೇಕೆಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಯೇತರ ಬಳಕೆಗೆ ಪರಿವರ್ತನೆ, ಎಂದರೆ ಎನ್‌ಎ ಆಗಲೇಬೇಕು. ಲಾವಣಿಗೆ (ಗೇಣಿಗೆ) ಹಾಕಿಕೊಂಡು ಮಾಡುತ್ತೇವೆ ಎನ್ನುವವರು ಗಮನಿಸಿ: ಕೃಷಿ ಜಮೀನಿನ ಗೇಣಿಯನ್ನು 1961ರ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ನಿರ್ಬಂಧಿಸುತ್ತದೆ. ನಮ್ಮ ಕಡೆ ಬಾಯಿಮಾತಿನ ಲಾವಣಿ ನಡೆಯುತ್ತದೆ ನಿಜ, ಹದಿನೈದು ವರ್ಷದ ಹುಲ್ಲಿಗೆ ಅದು ಬುನಾದಿ ಆಗದು. ಮೊದಲು ಎನ್‌ಎ, ಆಮೇಲೆ ನೋಂದಾಯಿಸಿದ ಲೀಸ್. ಊರಿನ ದನ ಮೇಯುವ ಗಾಯರಾಣಕ್ಕೆ ಕಣ್ಣು ಹಾಕಬೇಡಿ. ಕಪ್ಪತಗುಡ್ಡದ ವನ್ಯಧಾಮದ ಅಂಚು, ರಾಣೆಬೆನ್ನೂರಿನ ಕೃಷ್ಣಮೃಗಗಳ ಅಭಯಾರಣ್ಯದ ಆಸುಪಾಸು ಕೂಡ ಬೇಡ. ಹುಲ್ಲಿಗೆ ಸಿಂಪಡಿಸುವ ಔಷಧ ಬೇಲಿಯೊಳಗೆ ನಿಲ್ಲುವುದಿಲ್ಲ.

ಅಣ್ಣಿಗೇರಿಯ ಯಜಮಾನರು ಹೇಳಿದ ಬೀಗರ ಹೊಲಕ್ಕೆ ಆಮೇಲೆ ಹೋಗಿದ್ದೆ. ಇಪ್ಪತ್ತೆರಡು ಎಕರೆ, ಕೆಂಪು ನೆಲ, ನಡುವೆ ಒಂದು ಸಣ್ಣ ಹಳ್ಳ, ಅಂಚಿಗೆ ನಾಲ್ಕು ಹಳೆಯ ಮಾವಿನ ಮರ. ಅಣ್ಣ-ತಮ್ಮಂದಿರು ಮೂವರು. ಹಿರಿಯರಿಗೆ 18 ಹೋಲಿನ ಆಸೆ ಇತ್ತು, ನೀರಿನ ಲೆಕ್ಕ ಬರೆದು ತೋರಿಸಿದ ಮೇಲೆ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು, "ಆತ್ರಿ, ಸಣ್ಣದರಿಂದಾನ ಸುರು ಮಾಡೂಣ" ಎಂದರು. ಈಗ ಕೆಳಗಿನ ಮೂಲೆಯಲ್ಲಿ 36 ಗುಂಟೆಯ ಹೊಂಡ ತೋಡಿ ಆಗಿದೆ, ತಳಕ್ಕೆ ಎರೆ ಮಣ್ಣು ಬಡಿಯುತ್ತಿದ್ದಾರೆ. ಮಾವಿನ ಮರದ ಹತ್ತಿರ ಹತ್ತು ಗುಂಟೆ ಕರಕಿಯ ಮಡಿ ಇದೆ. ಎನ್‌ಎ ಅರ್ಜಿ ಕೊಟ್ಟಿದ್ದಾರೆ. ಒಂಬತ್ತು ಗ್ರೀನಿನ ಜಾಗಕ್ಕೆ ಜೋಳದ ದಂಟು ನೆಟ್ಟು ಗುರುತು ಮಾಡಿದ್ದೇವೆ. ಹೊಂಡ ಒಂದು ಮಳೆಗಾಲದಲ್ಲಿ ಎಷ್ಟು ತುಂಬುತ್ತದೆ ನೋಡಿ, ಅದರ ಮೇಲೆ ಒಂಬತ್ತರಲ್ಲಿ ಎಷ್ಟು ಹುಲ್ಲಿನವು, ಎಷ್ಟು ಮರಳಿನವು ಎಂದು ದೀಪಾವಳಿ ಹೊತ್ತಿಗೆ ಕೂತು ತೀರ್ಮಾನ ಮಾಡುತ್ತೇವೆ.